ಚಿಕ್ಕಪ್ಪನ ಮೆತ್ತನೆ ನೆಲದ ಗೂಟಗಳು

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಆ ಮನೆಯ ಮಣ್ಣನ್ನು! ನೀವು ನಂಬುವುದಿಲ್ಲ, ಗೊತ್ತು. ಬೇರೆಯವರು ಅಂಗಿ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಇವರು ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾರೆ. ಗೇಟು ದಾಟಿದ್ದೇ ತಡ, ಹೂಕುಂಡವೋ ತೆಂಗಿನ ಪಾತಿಯೋ ಏನು ಸಿಕ್ಕರೆ ಅದಕ್ಕೆ ಸ್ಕ್ರೂಡ್ರೈವರನ್ನು ಹೆಬ್ಬೆರಳಿನಿಂದ ಒತ್ತಬೇಕು. ಎಷ್ಟು ಇಳಿಯಿತು ಅಂತ ಬೆರಳಿನಲ್ಲಿ ಅಳೆಯಬೇಕು. "ಮೆತ್ತಗಿದೆ" ಅಥವಾ "ಗಟ್ಟಿ" ಅಂತ ತೀರ್ಪು ಕೊಡಬೇಕು. ಚಪ್ಪಲಿ ಬಿಡುವುದು ಆಮೇಲೆ.

ನನ್ನ ಮದುವೆ ಮಾತುಕತೆಗೆ ಮಹದೇವಪುರದಲ್ಲಿ ಹುಡುಗನ ಮನೆ ನೋಡಲು ಹೋದ ದಿನವೂ ಇದೇ ಕಥೆ. ನಾವೆಲ್ಲ ರೇಷ್ಮೆ ಸೀರೆ ಸರಿಮಾಡಿಕೊಳ್ಳುತ್ತಾ ಒಳಗೆ ಹೋಗಿ ಕುಳಿತರೆ ಚಿಕ್ಕಪ್ಪ ನಾಪತ್ತೆ! ಕಿಟಕಿಯಿಂದ ನೋಡುತ್ತೇನೆ, ಅಂಗಳದ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತಿದ್ದಾರೆ. ಹುಡುಗನ ತಂದೆ ಗಾಬರಿಯಾಗಿ ಹೊರಗೆ ಓಡಿದರು.

"ಏನಾದ್ರೂ ಬಿದ್ದೋಯ್ತಾ ಸಾರ್?"

"ಇಲ್ಲ ಸಾರ್, ಸುಮ್ನೆ ನೆಲ ನೋಡ್ತಾ ಇದ್ದೆ."

"ನೋಡಿ ಸಾರ್, ಧಾರಾಳವಾಗಿ ನೋಡಿ! ಪೇಪರ್ಸ್ ಎಲ್ಲಾ ಕ್ಲೀನಾಗಿದೆ, ಎ ಖಾತಾ!"

ವಾಪಸ್ಸು ಬರುವಾಗ ಕಾರಿನಲ್ಲಿ ಎಲ್ಲರೂ ಹುಡುಗನ ಸಂಬಳ, ಎತ್ತರ, ತಲೆಗೂದಲು ಅಂತ ಚರ್ಚೆ ಮಾಡುತ್ತಿದ್ದರೆ ಚಿಕ್ಕಪ್ಪ ಕಿಟಕಿ ಕಡೆ ನೋಡುತ್ತಾ, "ಅಲ್ಲಿ ಗೇಣುದ್ದದ ಗೂಟ ನಿಲ್ಲಲ್ಲ" ಅಂದರು. ಆ ಹುಡುಗನೇ ಈಗ ನನ್ನ ಗಂಡ. ನೆಲ ಮೆತ್ತಗಿದ್ದರೂ ಮನುಷ್ಯ ಪರವಾಗಿಲ್ಲ.

ಟೆಂಟಿನ ಗೂಟದ ಮಾತಾಡುತ್ತಾರೆ ಅಂತ ಚಿಕ್ಕಪ್ಪ ಬೆಟ್ಟ ಹತ್ತುವವರು, ಕಾಡು ಸುತ್ತುವವರು ಅಂದುಕೊಂಡಿರಾ? ಒಂದು ಬೆಟ್ಟವನ್ನೂ ಹತ್ತಿದವರಲ್ಲ! ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತ ಟರ್ನರ್ ಅವರು. ಅವರ ಕೈಯಿಂದ ಇಳಿದ ಶಾಫ್ಟಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ನುಣುಪು. ಹೀಗಿದ್ದ ಮನುಷ್ಯನಿಗೆ ಗೂಟದ ಹುಚ್ಚು ಹಿಡಿದದ್ದು ನಾಲ್ಕು ವರ್ಷದ ಹಿಂದಿನ ಆಯುಧಪೂಜೆಯ ದಿನ. ಕಾರ್ಖಾನೆಯಲ್ಲಿ ಪೂಜೆಯಾದ ಮೇಲೆ ಚೀಟಿ ಎತ್ತಿ ಬಹುಮಾನ ಕೊಡುವ ಪದ್ಧತಿ. ಪಕ್ಕದ ಮಷೀನಿನವನಿಗೆ ಮಿಕ್ಸಿ ಬಂತು. ಇವರಿಗೆ ಟೆಂಟ್ ಬಂತು.

ಚಿಕ್ಕಮ್ಮ ಕಣ್ಣಿಟ್ಟಿದ್ದದ್ದು ಆ ಮಿಕ್ಸಿಯ ಮೇಲೆ. "ನಿಮ್ಮ ಹಣೆಬರಾನೇ ಇಷ್ಟು ಕಣ್ರೀ" ಅಂತ ಎರಡು ದಿನ ಗೊಣಗಿದರು. ಮೂರನೆಯ ದಿನ ಮಹಡಿಯ ಮೇಲೆ ಟೆಂಟ್ ಬಿಡಿಸಿ ಒಳಗೆ ಕುಳಿತು ನೋಡಿದವರು, ಹೊರಗೆ ಬರುವಷ್ಟರಲ್ಲಿ ಬೇರೆಯೇ ಹೆಂಗಸಾಗಿದ್ದರು. "ರೀ, ಚಂದಾಪುರದ ಹತ್ರ ನಮ್ಮಣ್ಣನ ಹೊಲ ಇದೆಯಲ್ಲ, ಕೆರೆ ಪಕ್ಕ. ಅಲ್ಲಿ ಹಾಕೋಣ. ಒಂದು ದಿನ, ಒಂದೇ ದಿನ ಇದರೊಳಗೆ ಮಲಗ್ಬೇಕು ನಾನು."

ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ. ಚಿಕ್ಕಪ್ಪ ಸಂತೋಷವಾಗಿ ಒಪ್ಪಿಕೊಂಡರು. ಒಪ್ಪಿಕೊಂಡು, ಟೆಂಟಿನ ಜೊತೆ ಬಂದಿದ್ದ ಗೂಟಗಳ ಚೀಲವನ್ನು ಬಿಚ್ಚಿದರು. ಕೆಟ್ಟದ್ದು ಅಲ್ಲೇ! ಒಳಗಿದ್ದದ್ದು ತೆಳ್ಳನೆಯ ತಂತಿ, ತುದಿ ಬಗ್ಗಿಸಿದ್ದು.

"ಇದು ಗೂಟಾನಾ? ಹೇರ್‌ಪಿನ್ನು! ಕೆರೆ ಮಣ್ಣಲ್ಲಿ ಇದು ನಿಲ್ಲುತ್ತಾ? ಗೂಟ ಸರಿಯಾಗ್ಲಿ, ಹೋಗೋಣ."

ಆ "ಹೋಗೋಣ"ಕ್ಕೆ ನಾಲ್ಕು ವರ್ಷ ಹಿಡಿಯಿತು ನೋಡಿ.

ಮೊದಲನೆಯ ಗೂಟ ಪೀಣ್ಯದ ಟರ್ನರ್ ಒಬ್ಬ ಮಾತ್ರ ಮಾಡಬಹುದಾದ ಗೂಟ. ಊಟದ ಬಿಡುವಿನಲ್ಲಿ, ಮಾಲೀಕರನ್ನು ಕೇಳಿ ತೆಗೆದುಕೊಂಡ ಉಕ್ಕಿನ ಸರಳನ್ನು ಲೇತಿಗೆ ಹಾಕಿ, ಸೂಜಿಯಂಥ ತುದಿ ತೆಗೆದು, ಕನ್ನಡಿಯ ಹಾಗೆ ಪಾಲಿಶ್ ಮಾಡಿ ತಂದರು. ಚಿಕ್ಕಮ್ಮ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಪರೀಕ್ಷೆ. ಬೀದಿಯವರೆಲ್ಲ ಸೇರಿದ್ದರು. ಗೂಟ ಎಷ್ಟು ಚೆನ್ನಾಗಿ ಇಳಿಯಿತು ಅಂತೀರಿ! ಸುತ್ತಿಗೆಯೇ ಬೇಕಾಗಲಿಲ್ಲ. ಚಿಕ್ಕಪ್ಪ ಹೆಮ್ಮೆಯಿಂದ ಅದಕ್ಕೆ ಹಗ್ಗ ಕಟ್ಟಿ, ನನ್ನ ಕೈಗೆ ಕೊಟ್ಟು, "ಎಳಿ ಪುಟ್ಟಿ, ಎಷ್ಟು ಶಕ್ತಿ ಇದೆಯೋ ಅಷ್ಟೂ ಹಾಕು" ಅಂದರು. ನಾನು ಶಕ್ತಿಯನ್ನೆಲ್ಲ ಹಾಕಿದೆ. ಇಳಿದಷ್ಟೇ ಚೆನ್ನಾಗಿ ಅದು ಎದ್ದು ಬಂತು, ನಾನು ಅಂಗಾತ ಬಿದ್ದೆ!

ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಗೂಟವನ್ನು ಒರೆಸುತ್ತಾ, "ಇಷ್ಟು ವರ್ಷ ನುಣ್ಣಗೆ ಮಾಡೋದನ್ನೇ ಕಲ್ತೆ ಕಣಮ್ಮ. ಇಲ್ಲಿ ನುಣುಪೇ ತಪ್ಪು!" ಅಂದರು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಆ ವಯಸ್ಸಿನಲ್ಲಿ ತಮ್ಮ ವಿದ್ಯೆ ಉಲ್ಟಾ ಹೊಡೆದಿದ್ದನ್ನು ಬೀದಿಯವರ ಮುಂದೆ ಒಪ್ಪಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುವ ಗಂಡಸನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಂತೂ ಇಲ್ಲವೇ ಇಲ್ಲ.

ಆಮೇಲೆ ಮರದ ಗೂಟಗಳ ಕಾಲ ಬಂತು. ಮರ ಒದ್ದೆಯಾದರೆ ಊದಿಕೊಂಡು ಮಣ್ಣನ್ನು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಯಾರೋ ಹೇಳಿದರಂತೆ. ಎಷ್ಟು ಊದುತ್ತದೆ? ಅಳೆಯದೆ ಬಿಡುವ ಜೀವವೇ ಅದು? ಜಾಲಿ, ಹೊಂಗೆ, ನೀಲಗಿರಿ, ಎಲ್ಲವೂ ಬಚ್ಚಲುಮನೆಯ ಬಕೆಟ್ಟಿನಲ್ಲಿ ನೆನೆಯತೊಡಗಿದವು.

"ರೀ, ನಾನು ಸ್ನಾನ ಮಾಡ್ಲಾ, ಇಲ್ಲಾ ನಿಮ್ಮ ಗೂಟಗಳು ಮಾಡ್ತಾವಾ?"

"ಇನ್ನೊಂದು ಗಂಟೆ ತಡಿಯೇ, ಜಾಲಿ ಇನ್ನೂ ಪೂರ್ತಿ ನೆಂದಿಲ್ಲ."

"ಈ ಜನ್ಮದಲ್ಲಿ ಟೆಂಟಲ್ಲಿ ಮಲಗಿಸ್ತೀರಾ ನನ್ನ?"

"ಗೂಟ ಸರಿಯಾಗ್ಲಿ, ಹೋಗೋಣ."

ಚಿಕ್ಕಮ್ಮ ಸೋತು ಹಣೆ ಚಚ್ಚಿಕೊಂಡರು. ಅವರ ಬಲಗೈಯಲ್ಲಿ ಒಂದು ಹಳೆಯ ಗುರುತಿದೆ. ಅಂಗೈಗೆ ಅಡ್ಡಲಾಗಿ ಹೊಳೆಯುವ ಒಂದು ಪಟ್ಟಿ. ಚಿಕ್ಕಂದಿನಲ್ಲಿ ನಾನು ಕೇಳಿದಾಗ, "ಹಗ್ಗ ಜಾರಿದ್ದು ಬಿಡೇ" ಅಂದಿದ್ದರು. ಬಾವಿಯ ಹಗ್ಗ ಇರಬೇಕು ಅಂದುಕೊಂಡು ನಾನೂ ಮರೆತುಬಿಟ್ಟಿದ್ದೆ.

ಕೊನೆಗೆ ದಾರಿ ತೋರಿಸಿದ್ದು ರಾಯಚೂರಿನ ಕಡೆಯ ಒಬ್ಬ ಮೇಸ್ತ್ರಿ. ಪರೀಕ್ಷೆ ನಡೆಯುತ್ತಿದ್ದ ಆ ಖಾಲಿ ಸೈಟಿನಲ್ಲಿ ಕಟ್ಟಡ ಶುರುವಾಗಿ, ಆತ ಹೆಂಡತಿ ಮಗುವಿನೊಂದಿಗೆ ಅಲ್ಲೇ ಟಾರ್ಪಾಲಿನ ಶೆಡ್ಡು ಹಾಕಿಕೊಂಡಿದ್ದ. ಚಿಕ್ಕಪ್ಪನ ಪಾಲಿಶ್ ಗೂಟವನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕ. "ಯಣ್ಣಾ, ಇದು ಭಾಳ ಚಂದ ಐತ್ರಿ. ಆದ್ರ ಮಣ್ಣಿಗೆ ಹಿಡ್ಕೊಳ್ಳಾಕ ಏನರ ಬೇಕಲ್ರಿ? ಅಗಲ ಇರಬೇಕ್ರಿ, ಉದ್ದ ಇರಬೇಕ್ರಿ. ನೆಟ್ಟಗ ಹೊಡೀಬ್ಯಾಡ್ರಿ, ತಲಿ ಹೊರಗ ವಾಲಿಸಿ ಹೊಡೀರಿ."

ಅಷ್ಟೇ! ಚಿಕ್ಕಪ್ಪ ಅವತ್ತೇ ಆತನನ್ನು ಗುರುವಾಗಿ ಸ್ವೀಕರಿಸಿ, ಮನೆಯಿಂದ ಒಬ್ಬಟ್ಟು ಕೊಟ್ಟು ಕಳಿಸಿದರು. ಒಂದು ವಾರದಲ್ಲಿ ಹೊಸ ಗೂಟ ತಯಾರಾಯಿತು. ಒಂದು ಅಡಿ ಉದ್ದ, ಮೂರು ಬೆರಳು ಅಗಲದ ತಗಡನ್ನು ಉದ್ದಕ್ಕೂ ನಡುವೆ ಮಡಿಚಿದ್ದು, ಅರ್ಧ ತೆರೆದ ಪುಸ್ತಕದ ಹಾಗೆ. ಹಗ್ಗ ಕೂರಲು ಮೇಲೊಂದು ಕಚ್ಚು. ಹಗ್ಗ ಕೊಯ್ಯಬಾರದು ಅಂತ ಆ ಕಚ್ಚಿನ ಅಂಚನ್ನು ಮಾತ್ರ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಮಿಕ್ಕ ಮೈಯೆಲ್ಲ ಬೇಕಂತಲೇ ಒರಟು. ಪಾಲಿಶ್ ಮಾಡದೆ ಒಂದು ಕೆಲಸ ಕೈಬಿಡಲು ಅವರಿಗೆ ಎಷ್ಟು ಸಂಕಟವಾಗಿರಬೇಕು!

ಆದರೆ ಮೊದಲ ಎಂಟು ಗೂಟಗಳು ನಮ್ಮ ಟೆಂಟಿಗೆ ಬರಲಿಲ್ಲ. ಮೇಸ್ತ್ರಿಯ ಶೆಡ್ಡಿಗೆ ಹೋದವು. ಚಿಕ್ಕಪ್ಪ ತಾವೇ ಹೋಗಿ ಹೊಡೆದು ಬಂದರು. ಟೆಸ್ಟಿಂಗ್ ಇರಬೇಕು ಅಂತ ನಾನು ನಕ್ಕೆ. ಅಲ್ಲಿ ಒಂದು ಮಳೆಗಾಲವಿಡೀ ಶೆಡ್ಡು ಅಲುಗಲಿಲ್ಲ. ಆಮೇಲೆಯೇ ಎರಡನೆಯ ಸೆಟ್ಟು ಮಾಡಿ, ನಮ್ಮ ಬಾಯಿಗೆ ಬೀಗ ಹಾಕುವಂತೆ ಘೋಷಿಸಿದರು: "ಭಾನುವಾರ ಹೋಗೋಣ."

ಹೋದೆವು! ಚಿಕ್ಕಮ್ಮ ಪುಳಿಯೋಗರೆ, ಕೋಡುಬಳೆ, ಎರಡು ದಿಂಬು, ಒಂದು ಮನೆಗಾಗುವಷ್ಟು ಸಾಮಾನು ಕಟ್ಟಿಕೊಂಡಿದ್ದರು. ಹೊಲ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಕೆರೆ ಪಕ್ಕದ ಕಪ್ಪು ಮಣ್ಣು, ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಚಿಕ್ಕಪ್ಪನ ಮುಖದಲ್ಲಿ ಆ ಕಳೆ ನೋಡಬೇಕಿತ್ತು ನೀವು! ನನ್ನ ಗಂಡ ಆನ್‌ಲೈನಿನಲ್ಲಿ ತರಿಸಿದ ಭಾರಿ ಟೆಂಟನ್ನು ಹತ್ತು ನಿಮಿಷದಲ್ಲಿ ಹಾಕಿ, ಕಾಲು ಚಾಚಿ ಕುಳಿತ. ಚಿಕ್ಕಪ್ಪ ಒಂದೊಂದು ಗೂಟಕ್ಕೂ ಸುತ್ತ ನಡೆದು, ಓರೆ ನೋಡಿ, ಹಗ್ಗ ಮಿಡಿದು, ಒಂದೂವರೆ ಗಂಟೆ ತೆಗೆದುಕೊಂಡರು.

"ಚಿಕ್ಕಪ್ಪ, ನಿಮ್ದು ಮುಗಿಯೋ ಹೊತ್ತಿಗೆ ನಾವು ವಾಪಸ್ ಹೋಗೋ ಟೈಮ್ ಆಗುತ್ತೆ" ಅಂದ ನನ್ನ ಗಂಡ.

ಅಷ್ಟರಲ್ಲಿ ಕೆರೆಯ ಆಚೆಯಿಂದ ಗಾಳಿ ಎದ್ದಿತು. ಮುಂಗಾರಿಗೆ ಮುಂಚಿನ ಗಾಳಿ, ಧೂಳಿನ ಸಮೇತ. ನನ್ನ ಗಂಡನ ಟೆಂಟು ಒಮ್ಮೆ ಉಬ್ಬಿತು, ಎರಡು ಸಲ ಕುಣಿಯಿತು, ಆಮೇಲೆ ತನ್ನ ತಂತಿ ಗೂಟಗಳನ್ನೂ ಎಳೆದುಕೊಂಡು ಪಕ್ಕದ ಟೊಮೇಟೊ ತೋಟಕ್ಕೆ ಹೊರಟೇಹೋಯಿತು! "ಅಯ್ಯೋ, ಹಿಡೀರಿ! ಹಿಡೀರಿ!" ಅಂತ ಅವನು ಅದರ ಹಿಂದೆ ಓಡಿದ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಚಿಕ್ಕಮ್ಮನಿಗೆ ತೋರಿಸೋಣ ಅಂತ ತಿರುಗಿದೆ.

ಚಿಕ್ಕಮ್ಮ ನಗುತ್ತಿರಲಿಲ್ಲ. ತಮ್ಮ ಟೆಂಟಿನ ಹಗ್ಗವೊಂದನ್ನು ಬಲಗೈಗೆ ಸುತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಕಾಲೂರಿ ನಿಂತಿದ್ದರು. ಕಣ್ಣು ಮುಚ್ಚಿದ್ದರು.

"ಬಿಡೇ" ಅಂದರು ಚಿಕ್ಕಪ್ಪ, ಹತ್ತಿರ ಹೋಗಿ.

"ಹೋಗ್ಬಿಡುತ್ತೆ ರೀ."

"ಹೋಗಲ್ಲ."

"ಅವತ್ತೂ ಹಿಂಗೇ ಅಂದಿದ್ರಿ."

ಚಿಕ್ಕಪ್ಪ ನನ್ನ ಕಡೆ ತಿರುಗಿ, ಯಾವುದೋ ತಪ್ಪೊಪ್ಪಿಗೆಯಂತೆ ಹೇಳಿದರು. "ಈಗಿರೋ ಮನೆ ಕಟ್ಟೋವಾಗ ಸೈಟಲ್ಲೇ ಟಾರ್ಪಾಲ್ ಕಟ್ಕೊಂಡಿದ್ವಿ ಕಣಮ್ಮ. ತುಂಬಿಸಿದ ಮಣ್ಣು, ಮೆತ್ತಗಿತ್ತು. ಒಂದು ಸಂಜೆ ಮೋಡ ಆಗಿತ್ತು. ಶಿಫ್ಟಿಗೆ ಲೇಟಾಗುತ್ತೆ ಅಂತ ಕೈಗೆ ಸಿಕ್ಕಿದ ಕಬ್ಬಿಣದ ಚೂರುಗಳನ್ನ ಹೊಡೆದು, ಏನೂ ಆಗಲ್ಲ ಅಂತ ಇವಳಿಗೆ ಹೇಳಿ ಹೊರಟೋದೆ. ಗಾಳಿಗೆ ಎಲ್ಲಾ ಕಿತ್ಕೊಂಡ್ ಬಂತು. ಒಳಗೆ ನಮ್ಮ ಕೂಸು ಮಲಗಿತ್ತು. ನಾನು ಬರೋವರೆಗೂ ಇವಳು ಹಗ್ಗ ಹಿಡ್ಕೊಂಡೇ ನಿಂತಿದ್ಲು, ಮಳೇಲಿ. ಕೂಸಿಗೆ ಏನೂ ಆಗ್ಲಿಲ್ಲ, ಇವಳ ಅಂಗೈಲಿ ಮಾತ್ರ ಚರ್ಮವೇ ಇರ್ಲಿಲ್ಲ."

ನನ್ನ ನಗು ಎಲ್ಲಿ ಹೋಯಿತೋ! ಲೇತಿನ ಪಾಲಿಶ್ ಗೂಟ, ಬಕೆಟ್ಟಿನ ಜಾಲಿ, ಮೇಸ್ತ್ರಿಯ ಶೆಡ್ಡಿಗೆ ಕೊಟ್ಟ ಎಂಟು ಗೂಟ, ಹೋದಲ್ಲೆಲ್ಲ ಚುಚ್ಚಿದ ಸ್ಕ್ರೂಡ್ರೈವರ್, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ನಾಲ್ಕು ವರ್ಷ ನಾವು ಹುಚ್ಚು ಅಂತ ಆಡಿಕೊಂಡದ್ದು ಇದಕ್ಕೆ. ನನಗೆ ನಾಚಿಕೆಯಾಯಿತು.

ಚಿಕ್ಕಪ್ಪ ಹೆಂಡತಿಯ ಮುಂದೆ ನಿಂತು ಮೆಲ್ಲಗೆ ಅಂದರು. "ಅವತ್ತು ಅವಸರದಲ್ಲಿ ಹೊಡೆದಿದ್ದು. ಇದನ್ನ ಹಂಗೆ ಹೊಡೆದಿಲ್ಲ. ಒಂದ್ಸಲ ಬಿಟ್ಟು ನೋಡೇ."

ಚಿಕ್ಕಮ್ಮ ಕಣ್ಣು ಬಿಟ್ಟರು. ಕೈಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿದರು. ಒಂದೊಂದೇ ಬೆರಳು ಸಡಿಲಿಸಿದರು. ಗಾಳಿ ಇನ್ನೊಮ್ಮೆ ಜೋರಾಗಿ ಬಂತು. ಟೆಂಟು ಉಬ್ಬಿತು, ಹಗ್ಗಗಳು ಬಿಗಿದವು, ಎಂಟು ಗೂಟಗಳಲ್ಲಿ ಒಂದೂ ಅಲುಗಲಿಲ್ಲ.

ಚಿಕ್ಕಮ್ಮ ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು, "ಮಿಕ್ಸಿ ಬಂದಿದ್ರೆ ಇಷ್ಟೊತ್ತಿಗೆ ಕೆಟ್ಟೋಗಿರೋದು ಕಣ್ರೀ."

ಚಿಕ್ಕಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟು, ಬಗ್ಗಿ, ಚಿಕ್ಕಮ್ಮನ ಹಿಂದೆಯೇ ಟೆಂಟಿನ ಒಳಗೆ ಹೋದರು.