ಜಗದೇವ ಮಾಸ್ತರರ ಏಳು ಬಟನ್ನಿನ ಮೌಸ್

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಜಗದೇವ ಮಾಸ್ತರರ ಫೋನಿಗೆ ಸಂದೇಶ ಬಂತು. ಅವರ ಶಿಕ್ಷಣ ಸಂಸ್ಥೆಯ ನಾಲ್ಕು ಪ್ರಾಥಮಿಕ ಶಾಲೆಗಳ ಶಿಕ್ಷಕರ ವರ್ಗಾವಣೆ ಇಂದು ಸಂಜೆ ನಾಲ್ಕಕ್ಕೆ, ಆನ್‌ಲೈನಿನಲ್ಲಿ. ಅಫಜಲಪುರದಲ್ಲಿ ಖಾಲಿ ಇರುವುದು ಒಂದೇ ಜಾಗ. ಮೊದಲು ಒತ್ತಿದವರಿಗೆ ಅದು.

ಮಾಸ್ತರರ ಮನೆ, ಹೆಂಡತಿ, ಹಾಸಿಗೆ ಎಲ್ಲ ಅಫಜಲಪುರದಲ್ಲಿ. ನೌಕರಿ ಮಾತ್ರ ಅಂದೋಲಾದಲ್ಲಿ. ಆರು ವರ್ಷದಿಂದ ನಸುಕಿನಲ್ಲಿ ಎದ್ದು, ಜೇವರ್ಗಿಯಲ್ಲಿ ಬಸ್ಸು ಬದಲಿಸಿ, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಅದೇ ದಾರಿಯಲ್ಲಿ ಮರಳಿ, ಊಟದ ತಾಟಿನ ಮುಂದೆ ತೂಕಡಿಸುತ್ತಿದ್ದರು.

“ಈ ಸಲ ತಪ್ಪಿದ್ರ ನಿಮ್ಮ ಹಾಸಿಗಿ ಜೇವರ್ಗಿ ಬಸ್ ಸ್ಟ್ಯಾಂಡಿಗೇ ಕಳಸ್ತೇನಿ,” ಎಂದಳು ಹೆಂಡತಿ ಮೈತ್ರಿ.

ಅದೇ ಜಾಗದ ಮೇಲೆ ಹನ್ನೆರಡು ಮಂದಿ ಕಣ್ಣಿಟ್ಟಿದ್ದರು. ಅಂದೋಲಾ ಶಾಲೆಯ ಮಧುಮತಿ ಟೀಚರೂ ಅವರಲ್ಲಿ ಒಬ್ಬರು. ಮಾಸ್ತರರಿಗೋ ಮೌಸ್ ಎಂದರೆ ಬೆವರು. ಪರದೆಯ ಮೇಲಿನ ಬಾಣವನ್ನು ಅವರು ಹುಡುಕುವುದು, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟ ಹಾಗಿರುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಗುಮಾಸ್ತ ವ್ಯಂಕಟೇಶರಾಯರು ಕಾಂಪೌಂಡಿನ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. “ಮಾಸ್ತರ್, ಕಂಪ್ಯೂಟರ್‌ನಾಗ ಆಟ ಆಡೂ ಮಂದಿ ಬ್ಯಾರೇ ಮೌಸ್ ಇಟ್ಟಿರ್ತಾರ. ಕಣ್ಣು ಪಿಳುಕಿಸೂದ್ರಾಗ ಹತ್ತು ವೈರಿಗಳನ್ನ ಹೊಡಿತದ. ಅದಕ್ಕ ಒಂದು ಜಾಗ ಹಿಡಿಯೂದು ಏನ್ ದೊಡ್ಡದು? ನಡೀರಿ!”

ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯ ಗೌಸಮೊಹಿದ್ದೀನ ಬಳೆಗಾರನ ಹಾಗೆ ಮೂರು ಮೌಸ್ ಹರಡಿದ. ಒಂದಕ್ಕೆ ವೈರೇ ಇರಲಿಲ್ಲ.

“ಅದು ಬ್ಯಾಡ,” ಎಂದರು ರಾಯರು. “ಮೂಗುದಾರ ಇಲ್ಲದ ಎತ್ತು. ನಾಲ್ಕು ಗಂಟೇಕ್ಕ ಸರಿಯಾಗಿ ಸೆಲ್ ಸಾಯ್ತದ.”

ಎರಡನೆಯದರ ಬೆನ್ನು ಅಂಗೈಗೆ ದೊಡ್ಡದಾಯಿತು. ಮೂರನೆಯದರಲ್ಲಿ ಏಳು ಬಟನ್, ಹೊಟ್ಟೆಯೊಳಗೆ ಬೇಕಾದಷ್ಟು ಹಾಕಿ ತೆಗೆಯುವ ಪುಟ್ಟ ಕಬ್ಬಿಣದ ತೂಕಗಳು, ಮೈತುಂಬ ಬಣ್ಣದ ದೀಪ.

“ಇದು ನಿಮ್ಮ ಮಾತು ಕೇಳ್ತದ್ರಿ ಮಾಸ್ತರ್,” ಎಂದ ಗೌಸಮೊಹಿದ್ದೀನ. “ಯಾವ ಬಟನ್ನಿಗೆ ಯಾವ ಕೆಲಸ ಹಚ್ತೀರಿ, ಅದು ಅದ್ನೇ ಮಾಡ್ತದ.”

“ನಲವತ್ತು ಹುಡುಗ್ರಿದ್ದಾರ, ಒಬ್ಬರೂ ಹಿಂಗ ಕೇಳಂಗಿಲ್ಲ,” ಎನ್ನುತ್ತ ಮಾಸ್ತರರು ಅದನ್ನೇ ಆರಿಸಿದರು.

ಅಂಗಡಿಯ ಕಂಪ್ಯೂಟರಿಗೇ ಜೋಡಿಸಿದ್ದಾಯಿತು. ವೇಗವನ್ನು ತುದಿಗೇರಿಸಿದ ಕೂಡಲೇ ಬಾಣ, ಕವಣೆ ಕಲ್ಲು ಕಂಡ ಗುಬ್ಬಿಯಂತೆ ಪುರ್ರನೆ ಮಾಯವಾಯಿತು. ಇಳಿಸಿದರೆ ಬಸುರಿ ಎಮ್ಮೆಯ ನಡಿಗೆ. ತೂಕ ಹಾಕಿದರು, ತೆಗೆದರು. ಜೆರಾಕ್ಸಿಗೆ ಬಂದಿದ್ದ ಸೊನ್ನ ಊರಿನ ಕಾಶಿಬಾಯಿ, “ಇನ್ನೊಂದು ತೂಕ ಹಾಕ್ರಿ, ಕೈ ನಡಗತದ,” ಎಂದು ಸಲಹೆ ಕೊಟ್ಟಳು.

ಕೊನೆಗೆ ಗೌಸಮೊಹಿದ್ದೀನ ಉಪಾಯ ಹೇಳಿದ. “ಊರು ಆರಿಸೂದು, ಒಪ್ಪಿಗಿ ಕೊಡೂದು, ಕಳಸೂದು, ಮೂರೂ ಕೆಲಸ ಈ ಒಂದೇ ಬಟನ್ನಿಗೆ ಕಲಿಸ್ತೇನಿ. ನೀವು ಹೆಬ್ಬೆಟ್ಟು ಒತ್ತಿದ್ರ ಸಾಕು.”

“ಇಪ್ಪತ್ತು ವರ್ಷ ಅಕ್ಷರ ಕಲಿಸಿ ಕಡೀಕ ಹೆಬ್ಬೆಟ್ಟಿಗೆ ಬಂದ್ನೆಲೋ,” ಎಂದು ಮಾಸ್ತರರು ನಿಟ್ಟುಸಿರಿಟ್ಟರು.

ಅಭ್ಯಾಸಕ್ಕೆಂದು ಸಂಸ್ಥೆ ಮಾದರಿ ಪುಟವೊಂದನ್ನು ಕಳಿಸಿತ್ತು. ಅದರ ಮೇಲೆ ಗೌಸಮೊಹಿದ್ದೀನ ಬಟನ್ನಿಗೆ ಪಾಠ ಹೇಳುತ್ತಿದ್ದಾಗ ಕಾಶಿಬಾಯಿ ದೀಪ ನೋಡಲು ಬಗ್ಗಿ ಎಲ್ಲಿಯೋ ಒತ್ತಿದಳು. ಪುಟದಲ್ಲಿ ಆರಿಸಿದ್ದ ಊರೇ ಬದಲಾಯಿತು.

“ಯಾ ಅಲ್ಲಾ! ಮಾಸ್ತರ್ ಆಳಂದಕ್ಕ ಹೋದ್ರಲ್ರೀ!”

“ಆಳಂದ ಏನ್ ಕೆಟ್ಟದ? ನಮ್ಮ ತಂಗಿ ಅಲ್ಲೇ ಇದ್ದಾಳ,” ಎಂದಳು ಕಾಶಿಬಾಯಿ.

ಪಾಠ ಮೊದಲಿನಿಂದ ಶುರುವಾಯಿತು. ಮೂರೂವರೆಯ ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ಬಸ್ಸು ಕಾಯುವವರೂ ಸೇರಿ ಇಪ್ಪತ್ತು ಜನ. ರಾಯರು ಎಲ್ಲರಿಗೂ ಮಾಸ್ತರರ ಸಂಕಟ ವಿವರಿಸುತ್ತಿದ್ದರು.

ನಾಲ್ಕು ಗಂಟೆ. ಪುಟ ತೆರೆಯಿತು. ಮಾಸ್ತರರು ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದರು.

“ಅಫಜಲಪುರ: ನಿಮ್ಮ ಹೆಸರಿಗೆ ದೊರೆತಿದೆ.”

ಚಪ್ಪಾಳೆ ಬಿತ್ತು. ಗೌಸಮೊಹಿದ್ದೀನ ಚಹಾ ತರಿಸಿದ. ಮಾಸ್ತರರು ಮೈತ್ರಿಗೆ ಫೋನ್ ಮಾಡಿದರು. “ಹಾಸಿಗಿ ಎಲ್ಲಿಗೂ ಕಳಸಬ್ಯಾಡಬೇ!”

ನಾಲ್ಕೂ ಇಪ್ಪತ್ತಕ್ಕೆ ಸಂಸ್ಥೆಯ ಕಾರ್ಯದರ್ಶಿ ಮಹಾದೇವಪ್ಪನವರೇ ಫೋನ್ ಮಾಡಿದರು.

“ಶಾಬಾಶ್ ಮಾಸ್ತರ್! ನೀವು ಎರಡು ಸೆಕೆಂಡಿನಾಗ ಮುಗಿಸೀರಿ. ಇಲ್ಲಿ ಯಾರೂ ನಂಬವಲ್ರು.”

“ನಿಮ್ಮ ಆಶೀರ್ವಾದ್ರಿ ಸರ್.”

“ಉಳಿದವರು ಇನ್ನೂ ಪುಟಾನೇ ಹುಡುಕಾಕತ್ತಾರ. ಮಧುಮತಿ ಟೀಚರಂತೂ ಪಾಸ್‌ವರ್ಡ್ ಮರತು ನನಗೇ ಫೋನ್ ಮಾಡ್ಯಾರ. ಇಷ್ಟು ಕಂಪ್ಯೂಟರ್ ಬಲ್ಲವರನ್ನ ಇಟ್ಕೊಂಡು ನಾವು ಮಗ್ಗಿ ಹೇಳಸಾಕತ್ತಿದ್ವಿ, ನೋಡ್ರಿ. ಅಂದೋಲಾ ಶಾಲೆದಾಗ ಹಾಜರಿ, ಬಿಸಿಯೂಟ, ಮಕ್ಕಳ ಮಾಹಿತಿ, ಎಲ್ಲ ಆನ್‌ಲೈನ್ ಕೆಲಸ ಬಾಕಿ ಬಿದ್ದದ. ಈಗ ಮೀಟಿಂಗಿನಾಗ ಠರಾವು ಮಾಡೇವಿ. ನಿಮ್ಮ ವರ್ಗಾವಣೆ ರದ್ದು. ಅದೆಲ್ಲ ಇನ್ನ ಮ್ಯಾಲ ನಿಮ್ಮ ಜವಾಬ್ದಾರಿ.”

ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. “ಸರ್, ನಂಗ ಕಂಪ್ಯೂಟರ್ ಏನೂ ಬರೂದಿಲ್ರಿ! ಎಲ್ಲಾ ಮೌಸೇ ಮಾಡ್ಯದ್ರಿ!”

“ಇದೇ ವಿನಯ ಮೆಚ್ಚೇನಿ ನಾ.”

“ಮತ್ತ ಅಫಜಲಪುರಕ್ಕ ಯಾರ್ರಿ?”

“ಮಧುಮತಿ ಟೀಚರ್ ಹೋಗ್ತಾರ. ಪಾಸ್‌ವರ್ಡ್ ನೆನಪಿರದವರನ್ನ ನಿಮ್ಮ ಕೈಕೆಳಗ ಇಟ್ಟು ಏನ್ ಮಾಡೂದ್ರಿ? ಮತ್ತ ಒಂದ್ ಮಾತು, ಹೊತ್ತೇರಿದ್ರ ಅಂದೋಲಾದಾಗ ನೆಟ್ ಸಿಗಂಗಿಲ್ಲ. ನಾಳಿಂದ ಒಂದು ತಾಸು ಮೊದ್ಲೇ ಬರ್ರಿ.”

“ಹೌದ್ರಿ ಸರ್,” ಎಂದ ಮಾಸ್ತರರು ಫೋನ್ ಇಳಿಸಿ, ಬಾಗಿಲಲ್ಲಿ ನಿಂತವರಲ್ಲಿ ಜೇವರ್ಗಿಯ ಮೊದಲ ಬಸ್ಸು ಎಷ್ಟಕ್ಕೆಂದು ವಿಚಾರಿಸತೊಡಗಿದರು.