ಪೇದ್ರಜ್ಜನ ದನದ ದೊಡ್ಡಿ

ಕೊಟ್ಟಿಗೆಯ ಕಂಬಕ್ಕೆ ಅಂಟಿಸಿದ್ದ ನೋಟಿಸನ್ನು ಹಸು ಅರ್ಧ ತಿಂದಿತ್ತು. ತಿನ್ನದೆ ಬಿಟ್ಟ ಅರ್ಧದಲ್ಲಿ, ಒತ್ತುವರಿ ಮಾಡಿದ ಜಾಗವನ್ನು ನಾಳೆಯೊಳಗೆ ತೆರವು ಮಾಡಬೇಕು ಎಂದಿತ್ತು.

ಹಗರೆಯ ಮರಿಯಣ್ಣನಿಗೆ ಇದ್ದದ್ದು ಬೇಲೂರು ರಸ್ತೆಗೆ ಅಂಟಿದ ಎರಡು ಗುಂಟೆ ದೊಡ್ಡಿ, ಆರು ಹಸು. ದೊಡ್ಡಿ ಹೋದರೆ ಹಸುಗಳನ್ನು ಮಾರಬೇಕು. ಮಾರಿದ ಮೇಲೆ ತಾನು ಏನು ಮಾಡಬೇಕೆಂಬುದು ಅವನಿಗೆ ತಿಳಿಯದು.

ಮನೆಯ ಟ್ರಂಕಿನಲ್ಲಿ ಒಂದು ಹಳೆಯ ಸನ್ನದು ಇತ್ತು. ಗೋವೆಯಿಂದ ಓಡಿಬಂದ ಪೇದ್ರು ಎಂಬ ಪೋರ್ಚುಗೀಸ್ ಸಿಪಾಯಿಗೆ ದನ ಮೇಯಿಸಲು ಅರಸರು ಕೊಟ್ಟ ಹುಲ್ಲುಗಾವಲಿನ ಕಾಗದ ಅದು. ಪೇದ್ರು ಈ ಸೀಮೆಯ ಹೆಣ್ಣನ್ನೇ ಮದುವೆಯಾಗಿ, ಮುನ್ನೂರು ದನ ಸಾಕಿ, ಇಲ್ಲೇ ಸತ್ತ. ಆ ಹುಲ್ಲುಗಾವಲು ಸವೆಯುತ್ತ ಸವೆಯುತ್ತ ಎರಡು ಗುಂಟೆಗೆ ಬಂದಿತ್ತು. ಪರಂಗಿ ರಕ್ತದ ವಿಷಯವನ್ನು ಮಾತ್ರ ಮನೆಯವರು ಐದು ತಲೆಮಾರಿನಿಂದ ಮುಚ್ಚಿಟ್ಟಿದ್ದರು.

ಬೆಳಿಗ್ಗೆಯೇ ಅವನು ಸನ್ನದು ಹಿಡಿದು ಗ್ರಾಮ ಲೆಕ್ಕಿಗರಾದ ಪುಷ್ಪಲತಾ ಅವರ ಮುಂದೆ ನಿಂತ.

"ಕಾಗದ ಸರಿಯಾಗಿದೆ. ಆದ್ರೆ ನೀವು ಪೇದ್ರು ವಂಶದವರು ಅನ್ನೋದಕ್ಕೆ ಏನ್ರೀ ಆಧಾರ? ಸಂಜೆ ಮಹಜರಿಗೆ ಬರ್ತೀನಿ. ಊರಿನ ಐದು ಜನ ಸಾಕ್ಷಿ ಹಾಕ್ಲಿ. ಇಲ್ಲಾಂದ್ರೆ ನಾಳೆ ಜೆಸಿಬಿ ಬರುತ್ತೆ."

ಮರಿಯಣ್ಣ ಸಾಕ್ಷಿ ಹುಡುಕಿ ಹೊರಟ. ಊರಿನ ದ್ಯಾವಯ್ಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ.

"ದ್ಯಾವಣ್ಣ, ನಮ್ಮ ಮುತ್ತಜ್ಜನ ಅಜ್ಜ ಪರಂಗಿಯವನು ಅಂತ ಒಂದು ಸಹಿ ಹಾಕಣ್ಣ."

ದ್ಯಾವಯ್ಯನ ಟೀ ಪಂಚೆಯ ಮೇಲೆ ಚೆಲ್ಲಿತು. "ಏನ್ಲಾ, ತಲೆ ಕೆಟ್ಟೈತಾ? ಈ ಊರಲ್ಲಿ ಪರಂಗಿನೂ ಇಲ್ಲ, ಗಿರಂಗಿನೂ ಇಲ್ಲ!" ಎಂದು ಎದ್ದು ಹೋದ.

ಪಕ್ಕದ ಮನೆಯ ಮುತ್ತಮ್ಮ ಪೊರಕೆ ಹಿಡಿದೇ ಮಾತಾಡಿದಳು. "ನಮ್ಮ ಮೊಮ್ಮಗಳಿಗೆ ಗಂಡು ನೋಡ್ತಾ ಇವ್ನಿ ಕಣೋ. ಪಕ್ಕದಲ್ಲಿ ಪರಂಗಿಯೋರು ಅವ್ರೆ ಅಂದ್ರೆ ಯಾರ್ಲಾ ಬತ್ತಾರೆ?"

"ಪಕ್ಕದ ಮನೆ ತಾನೇ ಮುತ್ತಕ್ಕ, ನಿಮ್ಮನೆ ಅಲ್ವಲ್ಲ."

ಕಾದ ಬಾಣಲೆ ಮುಟ್ಟಿದವಳಂತೆ ಅವಳು ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರು ಸುತ್ತಿ ಡೈರಿಗೂ ಬಂದಿತ್ತು. ಮರಿಯಣ್ಣ ಸಂಜೆಯ ಹಾಲು ತಂದಾಗ ಕಾರ್ಯದರ್ಶಿ ಶಿವಕುಮಾರ್ ಕ್ಯಾನಿನ ಮೇಲೆ ಕೈ ಅಡ್ಡ ಇಟ್ಟ.

"ಜನ ತಕರಾರು ಮಾಡ್ತಾವ್ರೆ. ಪರಂಗಿ ಹಾಲು ಬೇಡ್ವಂತೆ."

"ಹಸು ಪರಂಗಿದಲ್ಲ ಕಣಪ್ಪಾ!"

ಸಾಲಿನಲ್ಲಿದ್ದವರು ನಕ್ಕರು. ಪುಷ್ಪಲತಾ ಬರಲು ಇನ್ನು ಅರ್ಧ ಗಂಟೆ ಇತ್ತು; ಒಂದು ಸಹಿಯೂ ಆಗಿರಲಿಲ್ಲ. ಮರಿಯಣ್ಣ ಸನ್ನದು ಬಿಚ್ಚಿ ಕೂಗಿ ಓದಿದ: "ಈ ಜಾಗವು ಪೇದ್ರುವಿಗೂ, ಅವನ ಸಂತತಿಯವರೆಲ್ಲರಿಗೂ ಆಚಂದ್ರಾರ್ಕವಾಗಿ... ಕೇಳುದ್ರಾ? ನಾನು ಕದ್ದಿಲ್ಲ ಕಣ್ರಪ್ಪಾ!"

ನಗು ನಿಂತಿತು.

"ಎಲ್ಲರಿಗೂ ಅಂತ ಬರ್ದೈತಾ?" ಎಂದ ಶಿವಕುಮಾರ್. "ಇನ್ನೊಂದ್ಸಲ ಓದು."

ಮರಿಯಣ್ಣ ಖುಷಿಯಿಂದ ಎರಡು ಸಲ ಓದಿದ. ಜನ ಹಾಲು ಹಾಕುವುದನ್ನೂ ಮರೆತು ಮನೆಗೆ ಓಡಿದರು.

ಪುಷ್ಪಲತಾ ಬಂದಾಗ ದೊಡ್ಡಿಯ ಮುಂದೆ ರೇಷನ್ ಅಂಗಡಿಯಂಥ ಸಾಲು. ದ್ಯಾವಯ್ಯ ಮೊದಲಿಗೇ ನಿಂತಿದ್ದ. ಮುತ್ತಮ್ಮ ಸೆರಗಿನ ಗಂಟಿನಿಂದ ತುಕ್ಕು ಹಿಡಿದ ಒಂದು ಶಿಲುಬೆ ತೆಗೆದಳು. ಶಿವಕುಮಾರ್ ಬೆಕ್ಕಿನ ಕಣ್ಣಿನ ತನ್ನ ತಾತನ ಫೋಟೋ ತಂದಿದ್ದ. ಇಷ್ಟು ಜನ ತನ್ನ ಪರವಾಗಿ ಬಂದರಲ್ಲ ಎಂದು ಮರಿಯಣ್ಣ ಕಣ್ಣೊರೆಸಿಕೊಂಡ.

ಕೊನೆಯ ಸಹಿಯಾದ ಮೇಲೆ ಪುಷ್ಪಲತಾ ಪೆನ್ನು ಮುಚ್ಚಿದರು. "ಜಾಗ ಉಳೀತು ಮರಿಯಣ್ಣ. ಪೇದ್ರುಗೆ ಮೂರು ಹೆಂಡಿರಂತೆ. ನಿಮ್ಮನ್ನೂ ಸೇರಿಸಿ ಅರವತ್ತು ಜನ."

"ಅರವತ್ತು ಸಾಕ್ಷಿನಾ ಮೇಡಂ?"

"ಸಾಕ್ಷಿಗಳಲ್ಲ. ವಾರಸುದಾರರು."

ದ್ಯಾವಯ್ಯ ಹೆಗಲ ಮೇಲೆ ಕೈ ಹಾಕಿದ. "ವರಸೇಲಿ ನಿಂಗೆ ಅಣ್ಣ ಆಗ್ಬೇಕು ಕಣ್ಲಾ."

"ಬೆಳಿಗ್ಗೆ ಹೇಳ್ಬಾರ್ದಿತ್ತಾ?"

"ಬೆಳಿಗ್ಗೆ ನೀನು ಅಜ್ಜನ ವಿಷಯ ಹೇಳ್ದೆ. ಜಾಗದ ವಿಷಯ ಎಲ್ಲಿ ಹೇಳ್ದೆ?"

ಜೆಸಿಬಿ ಬರಲಿಲ್ಲ. ವಾರದೊಳಗೆ ಸರ್ವೆಯವನು ಬಂದು ಸುಣ್ಣದ ಪುಡಿಯಲ್ಲಿ ಅರವತ್ತು ಚೌಕ ಎಳೆದ. ಮರಿಯಣ್ಣನ ಪಾಲು ಆರಡಿಗೆ ಆರಡಿ. ಐದು ಹಸುಗಳು ಅರಸೀಕೆರೆ ಸಂತೆಯ ಲಾರಿ ಹತ್ತಿದವು. ಉಳಿದ ಒಂದನ್ನು ಅವನು ತನ್ನ ಚೌಕದ ಅಂಚಿಗೆ ಒತ್ತಿ ಕಟ್ಟಿದ. ಆದರೂ ಬಾಲ ಪಕ್ಕದ ದ್ಯಾವಯ್ಯನ ಪಾಲಿನೊಳಗೆ ಹೋಯಿತು.

ದ್ಯಾವಯ್ಯ ಆಗಲೇ ಒತ್ತುವರಿಯ ಅರ್ಜಿ ಬರೆಸುತ್ತಿದ್ದ.