ಜಾರಿಯಾಗದ ಸಮನ್ಸು

ಓಡಿಹೋದ ಹೆಂಡತಿಯನ್ನು ಗಂಡನ ಮನೆಗೆ ಕರೆಸುವುದು ಕಾನೂನಿನಲ್ಲಿ ಬಲು ಸುಲಭ. ಆಕೆಯ ಕೈಗೆ ಒಂದು ಸಮನ್ಸು ಕೊಡುವುದಿದೆಯಲ್ಲ, ಅದೇ ಪ್ರಾಣಸಂಕಟ!

ಅರವತ್ತೆಂಟನೆಯ ಇಸವಿ. ದೊಡ್ಡಬಳ್ಳಾಪುರದಲ್ಲಿ ವಕೀಲಿ ಶುರುಮಾಡಿ ಎಂಟು ತಿಂಗಳಿಗೆ ನನಗೆ ಸಿಕ್ಕ ಮೊಟ್ಟಮೊದಲ ಕೇಸು. ನೆಲಮಂಗಲದ ಗಂಗಣ್ಣನ ಹೆಂಡತಿ ಸಪ್ಪಲಮ್ಮ ಮುನಿಸಿಕೊಂಡು ತವರೂರು ರಾಜಘಟ್ಟ ಸೇರಿದ್ದಳು. "ಸಕಾರಣವಿಲ್ಲದೆ ಪತಿಯನ್ನು ತ್ಯಜಿಸಿದ ಪ್ರತಿವಾದಿಯು ದಾಂಪತ್ಯಕ್ಕೆ ಮರಳತಕ್ಕದ್ದು" ಎಂದು ಅರ್ಜಿ ಬರೆದು, ಹಜಾರದಲ್ಲಿ ನಿಂತು ನಾನೇ ಮೂರು ಸಲ ಗಟ್ಟಿಯಾಗಿ ಓದಿಕೊಂಡೆ. ಎಂಥ ಗಾಂಭೀರ್ಯ! ("ಕಾರಣ ಇಲ್ದೆ ಯಾರ್ರೀ ಹೋಗ್ತಾರೆ?" ಎಂದಳು ಒಳಗಿನಿಂದ ನನ್ನ ಹೆಂಡತಿ ಅನುಸೂಯ. ಕಾನೂನು ತಿಳಿಯದವರ ಮಾತಿಗೆ ನಾನು ಕಿವಿಗೊಡುವುದಿಲ್ಲ.)

ಸಮನ್ಸು ಎರಡು ಸಲ ಹೋಯಿತು, ಎರಡು ಸಲವೂ "ಊರಿನಲ್ಲಿ ಇಲ್ಲ" ಎಂಬ ಷರಾ ಹೊತ್ತು ವಾಪಸು ಬಂತು. "ಮುಂದಿನ ತಾರೀಖಿಗೆ ಜಾರಿಯಾಗದಿದ್ದರೆ ಅರ್ಜಿ ವಜಾ" ಎಂದರು ಜಡ್ಜ್ ಸಾಹೇಬರು. ಮೊದಲ ಕೇಸೇ ವಜಾ ಆದರೆ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಎದೆಯುಬ್ಬಿಸಿ ಘೋಷಿಸಿದೆ: "ಸ್ವಾಮಿ, ನಾನೇ ಖುದ್ದಾಗಿ ತಾಲ್ಲೂಕನ್ನೆಲ್ಲ ಜಾಲಾಡಿದ್ದೇನೆ. ಆಕೆ ಎಲ್ಲೂ ಇಲ್ಲ!"

ಜಾಲಾಡಿದ್ದು ನಿಜವೇ. ಸೈಕಲ್ ತುಳಿದು ರಾಜಘಟ್ಟ, ದೊಡ್ಡಬೆಳವಂಗಲ ಸುತ್ತಿ ಸುಣ್ಣವಾಗಿ ಬರುತ್ತಿದ್ದ ನನಗೆ ಉಳಿದಿದ್ದ ಒಂದೇ ಸಮಾಧಾನ ಊಟ. ಎರಡು ತಿಂಗಳಿಂದ ಅನುಸೂಯಳ ಕಡೆಯ ಹೆಂಗಸೊಬ್ಬಳು ("ದೂರದ ಸಂಬಂಧ ಕಣ್ರೀ") ನಮ್ಮಲ್ಲಿಗೆ ಬಂದು ಉಳಿದಿದ್ದಳು. ಅವಳ ಬಸ್ಸಾರು, ಮುದ್ದೆ! ನಾನು ತಟ್ಟೆಯಿಂದ ತಲೆ ಎತ್ತಿದ್ದರೆ ತಾನೇ ಅವಳ ಹೆಸರು ಕೇಳುವುದು?

ತಾರೀಖಿಗೆ ಎರಡು ದಿನ ಇರುವಾಗ ಕೋರ್ಟಿನ ಅಮೀನ ಆಂಜಿನಪ್ಪ ಸಮನ್ಸು ಹಿಡಿದು ನಮ್ಮ ಬಾಗಿಲಿಗೇ ಓಡಿಬಂದ.

"ಸಿಕ್ಕುದ್ಲು ಸ್ವಾಮಿ! ಅವರಮ್ಮ ಕೊನೆಗೂ ಬಾಯಿ ಬಿಟ್ಲು!"

ನಾನು ಕುಣಿದೇಬಿಟ್ಟೆ. "ಭೇಷ್! ಎಲ್ಲಿದ್ದಾಳಯ್ಯಾ?"

"ಅಗೋ, ಒಳಗೆ ಸೊಪ್ಪು ಬಿಡಿಸ್ತಾ ಕುಂತವ್ರಲ್ಲ."

ತಿರುಗಿ ನೋಡಿದೆ. ಬಸ್ಸಾರಿನ ಮಹಾತಾಯಿ ಸೆರಗು ಸರಿಮಾಡಿಕೊಂಡಳು.

"ಅನುಸೂಯಾ! ಏನೇ ಇದು?"

"ನೀವು ಅರ್ಜೀಲಿ ಏನು ಬರ್ದಿದೀರಿ ಅಂತ ಕೇಳೋಕೆ ಬಂದ್ಲು. ಇವಳಿಗೆ ತವರಿನೋರು ಕೊಟ್ಟ ಹಸೂನ ನಿಮ್ಮ ಗಂಗಣ್ಣ ಕೇಳ್ದೆ ಮಾರ್ಬಿಟ್ನಂತೆ. ಅದು ಕಾರಣ ಅಲ್ವೇನ್ರೀ? ಹಸು ವಾಪಸ್ ಬರೋವರ್ಗೂ ಇಲ್ಲೇ ಇರು ಅಂದೆ."

"ನನ್ನ ಕೇಸಿನ ಗತಿ?"

"ಅವಳ ಗತಿ ಕೇಳಿದ್ರಾ ನೀವು?"

ಆಂಜಿನಪ್ಪ ಸಮನ್ಸು ಚಾಚಿದ. "ನಾನು ಈಸ್ಕಳಲ್ಲ ಕಣಣ್ಣೋ" ಎಂದು ಸಪ್ಪಲಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಹಂಗಾದ್ರೆ ಬಾಗ್ಲಿಗೆ ಅಂಟಿಸ್ಬೇಕು ಸ್ವಾಮಿ, ರೂಲ್ಸು" ಎಂದವನೇ ಅವನು ಗೋಂದು ಬಳಿದು ನಮ್ಮ ಬಾಗಿಲಿಗೆ ಅಂಟಿಸಿಯೇಬಿಟ್ಟ. ಬೀದಿಯೆಲ್ಲ ನೆರೆಯಿತು. "ಲಾಯರ್ ಮೇಲೆ ಅವ್ರ ಹೆಂಡ್ತೀನೇ ಕೇಸ್ ಹಾಕವ್ಳಂತೆ" ಎಂದು ಎದುರುಮನೆ ಪಾಪಕ್ಕ ಎಲ್ಲರಿಗೂ ವಿವರಿಸುತ್ತಿದ್ದಳು.

ಆಂಜಿನಪ್ಪ ವರದಿಯ ಕಾಗದ ನನ್ನ ಮುಂದಿಟ್ಟ. "ಆಯಮ್ಮ ಇದೇ ಮನೇಲಿ ವಾಸ ಅಂತ ಗೊತ್ತಿರೋರು ಒಬ್ರು ಬರ್ದು ಸೈನ್ ಹಾಕ್ಬೇಕು. ಇಲ್ದಿದ್ರೆ ಜಾರಿ ಆಗಲ್ಲ. ಯಜಮಾನ್ರು ನೀವೇ ಅಲ್ವಾ?"

ಸಹಿ ಹಾಕದಿದ್ದರೆ ಅರ್ಜಿ ವಜಾ. ಹಾಕಿದರೆ ಜಡ್ಜ್ ಸಾಹೇಬರ ಮುಂದೆ ನನ್ನ ಮಾನವೇ ವಜಾ! ಬರೆದು ಸಹಿ ಹಾಕಿದೆ.

"ಎಷ್ಟು ದಿನದಿಂದ ವಾಸ ಅಂತಾನೂ ಬರೀರಿ ಸ್ವಾಮಿ."

ಅನುಸೂಯ ಪಕ್ಕದಲ್ಲೇ ನಿಂತು ಹೇಳಿದಳು, ನಾನು ಬರೆದೆ: ಎರಡು ತಿಂಗಳು.